ಕಂಕನಾಡಿಯ ಬೆಂಚು ತುಂಬಿದ್ದು

ಕುಶಲಾ: ನಾನು ಶುಕ್ರವಾರ ಕಾವೂರಿಗೆ ಬರುದಿಲ್ಲ. ಅಲ್ಲಿಯ ಹೊಸ ಹೋಟೆಲಿನ ಒಲೆಗೆ ಬೆಂಕಿ ಬೇರೆ ಯಾರ ಕೈಯಲ್ಲಾದರೂ ಹಾಕಿಸಿ.

ಸಂಕಪ್ಪ: ಬೇರೆಯವರ ಕೈ ಯಾಕೆ ಮಾರಾಯ್ತಿ? ಬಂದರಿನ ಹೋಟೆಲಿನ ಒಲೆ ನೀನು ಹೊತ್ತಿಸಿದ್ದು. ಕಂಕನಾಡಿಯದ್ದೂ ನೀನೇ. ಎರಡೂ ಹೇಗೆ ನಡೀತಾ ಉಂಟು! ಮೂರನೆಯದಕ್ಕೆ ಮಾತ್ರ ಎಂತ ತಕರಾರು?

ಕುಶಲಾ: ಹೇಗೆ ನಡೀತಾ ಉಂಟು ಅಂತ ನೀವು ನೋಡಿದ್ದೀರಾ?

ಸಂಕಪ್ಪ: ನೋಡದೆ? ದಿನಾ ಹನ್ನೆರಡು ಗಂಟೆಗೆ ಕಂಕನಾಡಿಗೆ ಹೋಗ್ತೇನೆ. ಒಂದು ಬೆಂಚೂ ಖಾಲಿ ಇರುದಿಲ್ಲ. ಬಾಗಿಲಲ್ಲಿ ಜನ ನಿಂತಿರ್ತಾರೆ. ಹಳೇ ಹೋಟೆಲಿನಲ್ಲೇ ಅಷ್ಟು ಜನ ಇಲ್ಲ. ಅದಕ್ಕೇ ಇನ್ನೊಂದು ಬೇಕು ಅಂತ ಹೇಳಿದ್ದು.

ಕುಶಲಾ: ಅವರೆಲ್ಲ ಊಟ ಮಾಡ್ತಾ ಇರ್ತಾರಾ?

ಸಂಕಪ್ಪ: ಹೋಟೆಲಿಗೆ ಬಂದವರು ಮತ್ತೆಂತ, ಭಜನೆ ಮಾಡ್ತಾರಾ?

ಸಂಕಪ್ಪನವರು ಮನೆಯ ಜಗಲಿಯಲ್ಲಿ ಬಾಳೆಲೆಯ ಮುಂದೆ ಕೂತಿದ್ದರು. ಎಲೆಯ ತುದಿಯಲ್ಲಿ ಚಿಟಿಕೆ ಉಪ್ಪು, ಒಂದು ತುಂಡು ಉಪ್ಪಿನಕಾಯಿ. ಊರಿಗೆಲ್ಲ ಮೀನಿನ ಊಟ ಬಡಿಸುವ ಅವರಿಗೆ ಮಧ್ಯಾಹ್ನ ಹೆಂಡತಿಯ ಕೈಯ ಊಟವೇ ಆಗಬೇಕು. ಸ್ವಂತ ಹೋಟೆಲಿನ ಜನಸಂದಣಿಯನ್ನು ಕಣ್ತುಂಬ ನೋಡಿ, ಅಲ್ಲಿಂದ ನೇರ ಮನೆಗೆ ಬರುವುದು ಅವರ ಪದ್ಧತಿ.

ಸಂಕಪ್ಪ: ಅದಿರಲಿ. ಎಲೆ ಹಾಕಿ ಎಷ್ಟು ಹೊತ್ತಾಯ್ತು? ಬಡಿಸು.

ಕುಶಲಾ: ಅನ್ನ ಆಗಿದೆ. ಬಂಗುಡೆ ಮೀನು ತೊಳೆದಿಟ್ಟಿದ್ದೇನೆ. ಮಸಾಲೆ ಬರಬೇಕಷ್ಟೆ.

ಸಂಕಪ್ಪ: ಎಲ್ಲಿಂದ ಬರಬೇಕು?

ಕುಶಲಾ: ಕಾವೂರಿನಿಂದ. ಹೇಮಾಕ್ಷಿ ಅತ್ತಿಗೆಯ ಮನೆಯಲ್ಲಿ ಅರೆಸಿ ಬಸ್ಸಿನಲ್ಲಿ ಕಳಿಸಲಿಕ್ಕೆ ಹೇಳಿದ್ದೇನೆ.

ಸಂಕಪ್ಪ: ನಮ್ಮ ಅರೆಯುವ ಕಲ್ಲಿಗೆ ಎಂತ ಆಗಿದೆ?

ಕುಶಲಾ: ಎಂತದೂ ಆಗ್ಲಿಲ್ಲ. ಎರಡು ಮನೆಯ ಸಾರೂ ಒಂದೇ ರುಚಿ ಇರಲಿ ಅಂತ.

ಸಂಕಪ್ಪ: ಹುಚ್ಚಾ ನಿನಗೆ? ಆ ಬಸ್ಸು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಬಂದದ್ದುಂಟಾ? ಹಸಿದವನನ್ನು ಎಲೆಯ ಮುಂದೆ ಕೂರಿಸಿ, ಮಸಾಲೆ ಬಸ್ಸಿನಲ್ಲಿ ಉಂಟು ಅಂತ ಹೇಳುದಾ? ಯಾರು ಕೊಟ್ಟದ್ದು ಈ ಬುದ್ಧಿ?

ಕುಶಲಾ: ನೀವೇ. ಕಂಕನಾಡಿಗೆ ಮಸಾಲೆ ಬಂದರಿನಿಂದ ಬಸ್ಸಿನಲ್ಲೇ ಅಲ್ವಾ ಹೋಗುದು?

ಸಂಕಪ್ಪ: ಅದು ವ್ಯಾಪಾರ! ಅಲ್ಲೊಬ್ಬ ಅಡುಗೆಯವ ಒಂದು ರೀತಿ, ಇಲ್ಲೊಬ್ಬ ಇನ್ನೊಂದು ರೀತಿ ಅರೆದರೆ ಹೋಟೆಲಿನ ಹೆಸರು ಹೋಗ್ತದೆ. ಒಂದೇ ಕಡೆ ಅರೆದು ಕಂಡಕ್ಟರನ ಕೈಯಲ್ಲಿ ಪಾತ್ರೆ ಕೊಟ್ಟರಾಯ್ತು. ಕಾವೂರಿಗೂ ಹಾಗೇ ಮಾಡುದು. ಇದೆಲ್ಲ ನಿನಗೆ ಅರ್ಥ ಆಗುದಿಲ್ಲ.

ಕುಶಲಾ: ಆಗ್ಲಿಕ್ಕಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಕಂಕನಾಡಿಯ ಹೋಟೆಲಿನ ಬಾಗಿಲಿಗೆ ತಾಗಿದಂತೆ ಗೂಡಂಗಡಿ ಇಟ್ಟಿರುವ ಮೂಸಬ್ಬ ಬ್ಯಾರಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಿಂತಿದ್ದ.

ಕುಶಲಾ: ಬನ್ನಿ ಬ್ಯಾರಿಗಳೇ, ಕೂತ್ಕೊಳ್ಳಿ.

ಮೂಸಬ್ಬ: ಕಾವೂರಿನ ಸುದ್ದಿ ಕೇಳಿದೆ ಸಂಕಪ್ಪಣ್ಣ. ಮೇಲಿರುವ ಪಡೆದವನು ಒಳ್ಳೇದು ಮಾಡಲಿ. ಅಂಗಡಿಯಲ್ಲಿ ಅಳಿಯನನ್ನು ಕೂರಿಸಿ, ಒಂದು ಉಪಕಾರ ಕೇಳಲಿಕ್ಕೆ ಬಂದೆ. ಅಲ್ಲಿಯೂ ಬಾಗಿಲ ಹತ್ರ ಒಂದು ಗೂಡಂಗಡಿಗೆ ಜಾಗ ಕೊಡ್ಬೇಕು. ನನ್ನ ಅಳಿಯನಿಗೆ.

ಸಂಕಪ್ಪ: ಕೊಡುವ. ಆದ್ರೆ ಕಾವೂರಿನಲ್ಲಿ ನಿನ್ನ ಬಾಳೆಹಣ್ಣು, ಬನ್ಸು ಯಾರಿಗೆ ಬೇಕು? ನನ್ನ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು ಬಂದವರು ತಗೊಳ್ತಾರಾ?

ಮೂಸಬ್ಬ: ಉಂಡವರು ತಗೊಳ್ಳುದಿಲ್ಲ. ಉಣ್ಣುವ ಮೊದಲು ತಗೊಳ್ತಾರೆ.

ಸಂಕಪ್ಪ: ಊಟಕ್ಕೆ ಬಂದವರು ಮೊದಲೇ ಬನ್ಸು ಯಾಕೆ ತಿನ್ನುದು?

ಮೂಸಬ್ಬ ಕುಶಲಾರ ಮುಖ ನೋಡಿದ. ಅವರು ಎಲೆಯ ಮೇಲೆ ಇಲ್ಲದ ನೊಣವನ್ನು ಓಡಿಸುತ್ತಿದ್ದರು.

ಮೂಸಬ್ಬ: ಬಸ್ಸು ಬರುವವರೆಗೆ ಎಂತಾದ್ರೂ ಬೇಕಲ್ಲ ಸಂಕಪ್ಪಣ್ಣ. ಹನ್ನೆರಡಕ್ಕೆ ಬಂದು ಕೂತವರು. ಮಸಾಲೆ ಇಳಿಯುವಾಗ ಒಂದೂವರೆ. ಮತ್ತೆ ಅದು ಕುದಿಯಬೇಕು. ಅಷ್ಟರಲ್ಲಿ ನನ್ನ ಬನ್ಸು, ಹಣ್ಣು, ಸೋಡ ಎಲ್ಲ ಖಾಲಿ. ನಿಮ್ಮ ಹೋಟೆಲು ಬಂದ ಮೇಲೆ ನನಗೆ ಬರಕತ್ತು, ಕೈತುಂಬ ವ್ಯಾಪಾರ!

ಸಂಕಪ್ಪ: ಹಾಗಾದರೆ... ಆ ಬೆಂಚಿನಲ್ಲಿ ತುಂಬಿದ ಜನ...

ಕುಶಲಾ: ಭಜನೆಯೇ ಮಾಡ್ತಿದ್ದದ್ದು. ಬಸ್ಸಿನ ಭಜನೆ.

ಸಂಕಪ್ಪ: ನಿನಗೆ ಗೊತ್ತಿತ್ತಾ?

ಕುಶಲಾ: ಮೊನ್ನೆ ಆಸ್ಪತ್ರೆಯಲ್ಲಿ ಪಕ್ಕದ ಮನೆಯ ಶಶಿಪ್ರಭಾಳನ್ನು ನೋಡಿ ಬರುವಾಗ ಅಲ್ಲಿ ಹೋಗಿ ಕೂತೆ. ನಾನು ಹೊತ್ತಿಸಿದ ಒಲೆ ಅಲ್ವಾ, ಒಂದು ತುತ್ತು ಉಂಡು ಹೋಗುವ ಅಂತ. ಕಡೆಗೆ ಬ್ಯಾರಿಗಳ ಬಾಳೆಹಣ್ಣು ತಿಂದು ಮನೆಗೆ ಬಂದೆ. ಪಕ್ಕದಲ್ಲಿ ಕೂತಿದ್ದ ಮುದುಕ ಇನ್ನು ಈ ಕಡೆ ತಲೆ ಹಾಕುದಿಲ್ಲ ಅಂತ ಹೇಳಿ ಎದ್ದು ಹೋದ.

ಸಂಕಪ್ಪ: ಆ ಮ್ಯಾನೇಜರ ಒಂದು ಮಾತು ಹೇಳಲಿಲ್ಲ!

ಕುಶಲಾ: ರುಚಿ ಒಂದೇ ಇರಬೇಕು ಅಂತ ನೀವು ಹೇಳಿದ್ದೀರಿ. ಹೊತ್ತಿನ ವಿಷಯ ಹೇಳಿದ್ದೀರಾ?

ಸಂಕಪ್ಪ: ಮೂಸಬ್ಬ, ನೀನಾದರೂ ಹೇಳ್ಬಾರದಿತ್ತಾ?

ಮೂಸಬ್ಬ: ನೀವು ಬಾಗಿಲಲ್ಲಿ ನಿಂತು, ಜನ ನೋಡಿ, ಮದುಮಗನ ಹಾಗೆ ನಗ್ತಾ ಹೋಗ್ತಿದ್ರಿ. ಹೇಳ್ಬೇಕು ಅಂತ ಮಾತು ಬಾಯಿವರೆಗೆ ಬರ್ತಿತ್ತು.

ಸಂಕಪ್ಪ: ಮತ್ತೆ?

ಮೂಸಬ್ಬ: ಅಷ್ಟರಲ್ಲಿ ಗಿರಾಕಿ ಬರ್ತಿದ್ರು.

ಸಂಕಪ್ಪನವರು ಮೂಸಬ್ಬ ತಂದ ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಸಿಪ್ಪೆ ಸುಲಿದು, ತಾವೇನು ತಿನ್ನುತ್ತಿದ್ದೇವೆಂದು ತಿಳಿಯುವ ಮೊದಲೇ ಅರ್ಧ ತಿಂದಿದ್ದರು. ಉಳಿದರ್ಧವನ್ನು ನೋಡಿ ನಕ್ಕುಬಿಟ್ಟರು.

ಸಂಕಪ್ಪ: ಕಂಕನಾಡಿಗೆ ಒಂದು ಅರೆಯುವ ಕಲ್ಲು ಹಾಕಿಸ್ತೇನೆ. ಬಂದರಿನ ಅಡುಗೆಯವ ನಾಲ್ಕು ದಿನ ಅಲ್ಲೇ ನಿಂತು ಅರೆಯುದು ಕಲಿಸಲಿ. ಮತ್ತೆ ಕಾವೂರು?

ಕುಶಲಾ: ಕಾವೂರು ಎಲ್ಲಿಗೂ ಓಡಿ ಹೋಗುದಿಲ್ಲ. ಶುಕ್ರವಾರ ಕಂಕನಾಡಿಯ ಹೊಸ ಕಲ್ಲಿಗೆ ನಾನೇ ಕುಂಕುಮ ಇಡ್ತೇನೆ. ನಾಳೆಯಿಂದ ನಿಮ್ಮ ಮಧ್ಯಾಹ್ನದ ಊಟ ಅಲ್ಲೇ. ಹನ್ನೆರಡಕ್ಕೆ ಕೂತು ಹನ್ನೆರಡಕ್ಕೇ ಉಂಡೆ ಅಂತ ನೀವು ಬಂದು ಹೇಳಿದ ದಿನ, ಕಾವೂರಿನ ಒಲೆ ಹೊತ್ತಿಸ್ತೇನೆ.

ಮೂಸಬ್ಬ: ಆಗ ನನ್ನ ಬನ್ಸು?

ಸಂಕಪ್ಪ: ಊಟ ಆದ ಮೇಲೆ ಬೀಡ ಮಾರು ಮಾರಾಯ. ಕುಶಲಾ, ನಿನ್ನ ಆ ಬಸ್ಸು ಎಲ್ಲಿಗೆ ಬಂತು ನೋಡು, ಹೊಟ್ಟೆ ಚುರುಗುಟ್ತಾ ಉಂಟು.

ಕುಶಲಾ: ಯಾವ ಬಸ್ಸು? ಸಾರು ಆಗ್ಲೇ ಆಗಿದೆ. ಈ ಒಂದು ಸುಳ್ಳಿಗೆ ಬೆಳಿಗ್ಗೆ ದೀಪ ಇಡುವಾಗಲೇ ದೇವರ ಹತ್ರ ತಪ್ಪು ಕೇಳಿಕೊಂಡಿದ್ದೇನೆ.

ಒಳಗೆ ಹೋದವರು ಮೂಸಬ್ಬನಿಗೂ ಒಂದು ಎಲೆ ತಂದು ಹಾಕಿದರು. ಬಾಗಿಲಲ್ಲಿ ನಿಂತು, ಖಾಲಿ ಎಲೆಗಳ ಮುಂದೆ ಕೂತ ಇಬ್ಬರನ್ನೂ ನೋಡಿದರು.

ಕುಶಲಾ: ಬಡಿಸುವ ಮೊದಲೇ ನಮ್ಮ ಜಗಲಿ ತುಂಬಿತು. ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಿಸ್ತೀರಾ?