ಸ್ವಲ್ಪ ಬೆಳಕು ಹಾಕಪ್ಪ ಅಂದಿದ್ದೆ

ನನಗೆ ಈ ವಯಸ್ಸಿನಲ್ಲಿ ಗೊತ್ತಾದ ಒಂದು ಸಂಗತಿ ಹೇಳುತ್ತೇನೆ. ದುಃಖ ಬಂದರೆ ಕೇಳುವವರು ಹುಡುಕಿಕೊಂಡು ಬರುತ್ತಾರೆ, ಸಂತೋಷ ಬಂದರೆ ನಾವೇ ಹುಡುಕಿಕೊಂಡು ಹೋಗಬೇಕು. ನಮ್ಮ ಯಜಮಾನರು ತೀರಿಕೊಂಡ ದಿನ ಕುರೆಕುಪ್ಪದ ನಮ್ಮ ಓಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೆಸರು ಗೊತ್ತಿಲ್ಲದವರೆಲ್ಲ ಬಂದು ನನ್ನ ಕೈ ಹಿಡಿದು ಅತ್ತು ಹೋದರು. ಈಗ ಸಂತೋಷ ಬಂದು ಗಂಟಲ ತನಕ ತುಂಬಿ ನಿಂತಿದೆ, ಮನೆಯಲ್ಲಿ ಹೇಳೋಣ ಅಂದರೆ ಎದುರಿಗೆ ಗೋಡೆ ಬಿಟ್ಟು ಯಾರೂ ಇಲ್ಲ. ಮಗ ಮಂಜು ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ ನಿದ್ದೆ. ಸೊಸೆ ಅಲ್ಲೇ ಕ್ಯಾಂಟೀನಿನಲ್ಲಿ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ನನ್ನ ಮೊಮ್ಮಗಳು ಪೇಪರಿನವಳಾದಳಪ್ಪ ಅಂದೆ. ಅವನು, ಭಾಳ ಚಲೋ ಆತು ಅಜ್ಜಿ, ಓಟಿಪಿ ಹೇಳ್ರಿ ಅಂದ.

ನೆಂಟರಿಗೆ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾವು ಸಿದ್ದಿ ಜನ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು. ನಮ್ಮವರೆಲ್ಲ ಯಲ್ಲಾಪುರದ ಕಡೆ ಕಾಡಿನ ಊರುಗಳಲ್ಲಿದ್ದಾರೆ, ಅಲ್ಲಿಗೆ ಫೋನು ಹಚ್ಚಿದರೆ ಅರ್ಧ ಮಾತು ಮರದ ಮೇಲೇ ಉಳಿಯುತ್ತದೆ. ಯಜಮಾನರು ಅದಿರು ಲಾರಿಯ ಸ್ಟೇರಿಂಗು ಹಿಡಿದು ಸಂಡೂರಿನ ಗಣಿ ಕಡೆ ಬಂದರು, ನಾನು ಒಂದು ಟ್ರಂಕು ಹಿಡಿದು ಅವರ ಹಿಂದೆ ಬಂದೆ. ಐವತ್ತು ವರ್ಷವಾಯಿತು. ಈ ಸುತ್ತಿನಲ್ಲಿ ನಮ್ಮದು ಒಂದೇ ಮನೆ. ರೊಟ್ಟಿ ಹಂಚಿನಂಥ ಕಪ್ಪು ಮೈ, ಸುರುಳಿ ಕೂದಲು, ಬಾಯಿ ಬಿಟ್ಟರೆ ಬಳ್ಳಾರಿ ಕನ್ನಡ. ನೋಡಿದವರಿಗೆಲ್ಲ ಲೆಕ್ಕ ತಪ್ಪುತ್ತದೆ. "ಯಾವ ದೇಶ?" ಅಂತ ಕೇಳುತ್ತಾರೆ. "ಕುರೆಕುಪ್ಪ, ಮೂರನೇ ವಾರ್ಡು" ಅಂತ ಹೇಳಿ ಹೇಳಿ ನನಗೆ ಸಿಟ್ಟು ಮಾಡುವುದಕ್ಕೂ ಬೇಸರ ಬಂದಿದೆ. ಹಂಪಿಯಲ್ಲಿ ಉತ್ಸವವಾದರೆ ನಮ್ಮ ಜನರನ್ನು ಕುಣಿಯಲು ಕರೆಸುತ್ತಾರೆ. ಆಗ ಓಣಿಯವರು, ನೀವು ಹೋಗಲಿಲ್ಲೇನ್ರಿ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ನನಗೆ ಕುಣಿಯಲು ಬರುವುದಿಲ್ಲ ಅಂದರೆ ನಂಬುವುದಿಲ್ಲ.

ಇಂಥ ಮನೆಯಿಂದ ಮಂಜುವಿನ ಮಗಳು ಸಹನಾ ಪತ್ರಕರ್ತೆ ಆಗುತ್ತೇನೆ ಅಂತ ಹೊರಟಳು. ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ಅದನ್ನೇ ಓದಿದಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಬರೆದದ್ದನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಅವಳು ಇನ್ನೊಂದು ಬರೆದಿರುತ್ತಿದ್ದಳು. ಕೊನೆಯ ವರ್ಷ ಹುಬ್ಬಳ್ಳಿಯ ಒಂದು ಪತ್ರಿಕೆಯವರು ಹೊಸಬರನ್ನು ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾಗಿ, ತಯಾರಿಗೆ ಅಂತ ರಜೆಯಲ್ಲಿ ಮನೆಗೆ ಬಂದಳು. ನಾನು ತಯಾರಿ ಅಂದರೆ ಓದುವುದು ಅಂದುಕೊಂಡಿದ್ದೆ. ಅಲ್ಲವಂತೆ. ಒಂದು ಫೈಲು ಕಳಿಸಬೇಕು, ಅದರಲ್ಲಿ ತಾನು ಬರೆದ ಮೂರು ಬರಹ, ಒಂದು ಒಳ್ಳೆಯ ಫೋಟೋ, ನಾನು ಇಂಥವಳು ಅಂತ ಹೇಳುವ ಒಂದು ನಿಮಿಷದ ವಿಡಿಯೋ ಇರಬೇಕು. ಫೋನಿನಲ್ಲಿ ಅವಳದೇ ಒಂದು ಪುಟ ಇರಬೇಕು. ಬರೆಯಲು ಬಂದರೆ ಸಾಲದು, ನಿನ್ನನ್ನು ನೀನೇ ಬ್ರ್ಯಾಂಡ್ ಮಾಡಿಕೋಬೇಕು ಅಂತ ಮೇಷ್ಟ್ರು ಹೇಳಿದ್ದಾರಂತೆ. ಬ್ರ್ಯಾಂಡ್ ಅಂದರೆ ಚಹಾಪುಡಿ, ಸೋಪು, ಯಜಮಾನರು ಸೇದುತ್ತಿದ್ದ ಬೀಡಿ, ಇಷ್ಟೇ ನನಗೆ ತಿಳಿದದ್ದು. ನಿನ್ನನ್ನು ಯಾವ ಪೊಟ್ಟಣದಾಗ ಕಟ್ಟತಾರ ಅಂತ ಕೇಳಿದೆ. ಅದೇ ಅಜ್ಜಿ ಕಷ್ಟ, ನಮಗ ಹೊಂದೋ ಪೊಟ್ಟಣ ಇನ್ನೂ ಅಂಗಡಿಗೆ ಬಂದಿಲ್ಲ ಅಂದಳು. ಅವಳ ಗೆಳತಿಯರು ಕೂದಲು ನೆಟ್ಟಗೆ ಮಾಡಿಸು, ಕ್ಯಾಮರಾಕ್ಕೆ ಚೆನ್ನಾಗಿರುತ್ತದೆ ಅಂದಿದ್ದರಂತೆ. ಇವಳು ಮಾಡಿಸಿರಲಿಲ್ಲ.

ವಿಡಿಯೋ ತೆಗೆಯಲು ನನ್ನನ್ನು ಕರೆದುಕೊಂಡು ಹಂಪಿಗೆ ಹೋದಳು. ಬಸ್ಸಿಳಿದು ಹತ್ತು ಹೆಜ್ಜೆ ನಡೆದಿಲ್ಲ, ಎಳನೀರಿನವನು ಇಂಗ್ಲಿಷಿನಲ್ಲಿ ಸ್ವಾಗತ ಕೋರಿ, ಯಾವ ದೇಶ ಅಂದ. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತೆ. ಸಹನಾ ಅವನ ಪಕ್ಕದಲ್ಲೇ ಕುಂತು, ನಿಮ್ದು ಯಾವೂರ್ರಿ ಅಣ್ಣ ಅಂತ ವಾಪಸು ಕೇಳಿದಳು. ಕಮಲಾಪುರ ಅಂದ. ಅಲ್ಲಿಂದ ಶುರುವಾಗಿ ತನ್ನ ಬಾಳೆತೋಟ, ಗಾಡಿ ಇಡುವ ಜಾಗದ ತಂಟೆ, ಬೆನ್ನುನೋವು ಎಲ್ಲ ಹೇಳಿದ. ಹೋಗುವಾಗ ನನಗೊಂದು ಗಂಜಿ ಇದ್ದ ಎಳನೀರು ಆರಿಸಿ ಕೊಟ್ಟ. ನಾನು ಐವತ್ತು ವರ್ಷ ಉತ್ತರ ಕೊಟ್ಟು ಸಿಟ್ಟು ಸಂಪಾದಿಸಿದ್ದೆ, ಇವಳು ಒಂದು ಪ್ರಶ್ನೆ ಕೇಳಿ ಒಂದು ಬರಹ ಸಂಪಾದಿಸಿದಳು. ಅದನ್ನು ಸೇರಿಸಿ ಎರಡಾಯಿತು, ಮೂರನೆಯದು ಸಿಗಲಿಲ್ಲ.

ಫೋಟೋ ಮಾತ್ರ ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದೆವು. ನಮ್ಮ ಕಡೆ ಸ್ಟುಡಿಯೋದವರಿಗೆ ಒಂದು ಪದ್ಧತಿ ಇದೆ. ಯಾರೇ ಕುಂತರೂ, ಕೇಳಲಿ ಬಿಡಲಿ, ಮುಖ ಬೆಳ್ಳಗೆ ಮಾಡಿ ಕೊಡುತ್ತಾರೆ. ಮದುವೆ ಆಲ್ಬಮ್ಮಿನಲ್ಲಿ ಎರಡೂ ಕಡೆಯ ಬೀಗರು ಅಕ್ಕಿಹಿಟ್ಟಿನಲ್ಲಿ ಬಿದ್ದೆದ್ದವರ ಹಾಗೆ ಇರುತ್ತಾರೆ. ಯಜಮಾನರು ಹೋದ ಮೇಲೆ ಅವರ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಕಟ್ಟಿನೊಳಗೆ ಬಂದವರು ಗೋಧಿ ಬಣ್ಣದ ಯಾರೋ ಸಾಹುಕಾರರು. ಅಂದಿನಿಂದ ನಾನು ದಿನಾ ಬೆಳಿಗ್ಗೆ ಪರಿಚಯವಿಲ್ಲದ ಗಂಡಸಿಗೆ ಹೂ ಇಡುತ್ತಿದ್ದೆ. ಮಾತಾಡೋಣ ಅಂದರೂ ಸಂಕೋಚ. ಇದು ಗೊತ್ತಿದ್ದ ಸಹನಾ ಸ್ಟುಡಿಯೋದವನ ಬೆನ್ನ ಹಿಂದೆಯೇ ನಿಂತು, ಏನೂ ಮುಟ್ಟಬ್ಯಾಡ್ರಿ ಅಂತ ಮೂರು ಸಲ ಹೇಳಿ, ಇದ್ದ ಹಾಗೇ ಫೋಟೋ ತೆಗೆದುಕೊಂಡು ಹಾಸ್ಟೆಲ್ಲಿಗೆ ಹೋದಳು. ಎರಡು ಬರಹ ಕಳಿಸಿದಳು. ಸಂದರ್ಶನಕ್ಕೆ ಬಾ, ಬರುವಾಗ ಮೂರನೆಯದು ತಾ ಅಂತ ಹುಬ್ಬಳ್ಳಿಯಿಂದ ಕರೆ ಬಂತು.

ನನ್ನ ತಲೆ ಕೆಟ್ಟದ್ದು ಆಗಲೇ. ಹುಡುಗಿ ತನ್ನ ಬ್ರ್ಯಾಂಡನ್ನು ಫೋನಿನೊಳಗೆ ಬಚ್ಚಿಟ್ಟುಕೊಂಡರೆ ಯಾರಿಗೆ ಕಾಣುತ್ತದೆ? ನಮ್ಮೂರಿನಲ್ಲಿ ಯಾರಿಗಾದರೂ ಏನಾದರೂ ಆಯಿತು ಅಂದರೆ, ಹುಟ್ಟುಹಬ್ಬವೋ ಪದವಿಯೋ ವಾರ್ಡಿನ ಟಿಕೇಟೋ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕುವುದು. ಯಾರಿಗೂ ಹೇಳದೆ ಹೊಸಪೇಟೆಗೆ ಹೋಗಿ ಅದೇ ಸ್ಟುಡಿಯೋದವನಿಗೆ ಫ್ಲೆಕ್ಸ್ ಮಾಡು ಅಂದೆ. ಕೆಳಗೆ ಶುಭ ಕೋರುವವರ ಸಾಲಿಗೆ ಎಷ್ಟು ತಲೆ ಅಜ್ಜಿ ಅಂದ. ನಾಲ್ಕು ಅಂದೆ: ನಾನು, ಮಗ, ಸೊಸೆ, ಯಜಮಾನರು. ಅವನಿಗೆ ನನ್ನ ಮೇಲೆ ಕನಿಕರ ಬಂತು. ಕಡಿಮೆ ಅಂದ್ರೂ ಇಪ್ಪತ್ತು ತಲೆ ಬೇಕ್ರಿ, ಇಲ್ಲಂದ್ರ ಸಾಲು ಭಣಭಣ ಅಂತದ, ಗೆಳೆಯರು ನೆಂಟರು ಯಾರಾದ್ರೂ ನೆನಪು ಮಾಡ್ಕೊಳ್ರಿ ಅಂದ. ನೆನಪು ಮಾಡಿಕೊಂಡೆ. ಅವನು ಕಾದ. ಕೊನೆಗೆ ಅವನೇ, ಇರಲಿ ಬಿಡ್ರಿ, ಉಳಿದ ಜಾಗಕ್ಕ ಪಾರಿವಾಳ ಹಾಕ್ತೀನಿ ಅಂದ. ಹದಿನಾರು ಪಾರಿವಾಳ ಹಾಕಿದ.

ಆಮೇಲೆ ಕಂಪ್ಯೂಟರಿನಲ್ಲಿ ಸಹನಾಳ ಮುಖ ದೊಡ್ಡದಾಗಿ ಬಂತು. ನಾನು ನೋಡಿದೆ. ನಮ್ಮ ಮುಖ ಅಷ್ಟು ದೊಡ್ಡದಾಗಿ ಎಲ್ಲೂ ತೂಗಿದ್ದನ್ನು ನಾನು ನೋಡಿರಲಿಲ್ಲ. ಸರ್ಕಲ್ಲಿನಲ್ಲಿ ನಿಂತು ನಗುವವರ ಹಲ್ಲು ಕಣ್ಣಮುಂದೆ ಬಂತು. ಸ್ಟುಡಿಯೋದವನು ತಾನಾಗಿ ಏನೂ ಮುಟ್ಟಲಿಲ್ಲ, ಸಹನಾ ಮೂರು ಸಲ ಹೇಳಿದ್ದು ಅವನಿಗೆ ನೆನಪಿತ್ತು. ನಾನೇ ಬಗ್ಗಿ, ಸಣ್ಣ ದನಿಯಲ್ಲಿ, ಸ್ವಲ್ಪ ಬೆಳಕು ಹಾಕಪ್ಪ ಅಂದೆ.

ಅವನು ಕೈ ಬಿಗಿ ಇಲ್ಲದ ಮನುಷ್ಯ, ಧಾರಾಳವಾಗಿ ಹಾಕಿದ. ಮರುದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ನಾಲ್ಕು ಜನ ಬೆಳ್ಳಗಿನವರು ಒಬ್ಬಳು ಬೆಳ್ಳಗಿನ ಹುಡುಗಿಗೆ ಶುಭ ಕೋರುತ್ತಿದ್ದರು. ನಾನು ಹೊಸ ಸೀರೆ ಉಟ್ಟು ಅದರ ಕೆಳಗಿನ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಂತೆ, ಕೇಳುವವರು ಬರುತ್ತಾರೆ ಅಂತ. ಮೂರು ದಿನ ಕುಂತೆ. ಒಬ್ಬ ಮೇಲೆ ನೋಡಿ, ಯಾರೋ ಸೀರಿಯಲ್ಲಿನಾಕಿ ಇರಬೇಕು ಅಂದ. ಇನ್ನೊಬ್ಬ, ಇಲ್ಲಲೇ, ಯಾರೋ ಲೀಡರ್ ಮಗಳು ಅಂದ. ನನ್ನ ಕಡೆಗೂ ಒಬ್ಬ ತಿರುಗಿದ, ಸೆರಗು ಸರಿಮಾಡಿಕೊಂಡೆ. ಸಂಡೂರು ಬಸ್ ಹೋತೇನ್ರಿ ಅಂತ ಕೇಳಿದ. ನನ್ನ ಫೋಟೋದ ಕೆಳಗೇ ನಾನು ಕುಂತಿದ್ದರೂ ಗುರುತು ಹಿಡಿದದ್ದು ಒಂದು ನಾಯಿ ಮಾತ್ರ. ಅದಕ್ಕೂ ನನ್ನ ಕೈಯಲ್ಲಿದ್ದ ಬಿಸ್ಕೀಟಿನ ಗುರುತು.

ನಾಲ್ಕನೆಯ ದಿನ ಸಹನಾ ಸರ್ಟಿಫಿಕೇಟು ಒಯ್ಯಲು ಬಂದಳು. ಬಸ್ಸಿಳಿದು ನನ್ನ ನೋಡಿ ನಕ್ಕಳು, ನನ್ನ ಕಣ್ಣಿನ ದಾರಿ ಹಿಡಿದು ಮೇಲೆ ನೋಡಿದಳು. ಹೆಸರು ಓದಿದಳು. ನಗು ಎಲ್ಲಿಗೆ ಹೋಯಿತೋ.

"ಅಜ್ಜಿ, ಈಕಿ ಯಾರು?"

"ನೀನ ಅಲ್ಲೇನವ್ವಾ."

"ಮತ್ತ ನನ್ನ ಬಣ್ಣ ಎಲ್ಲಿ ಹೋತು?"

ಸ್ಟುಡಿಯೋದವನ ಮೇಲೆ ಹಾಕಬಹುದಿತ್ತು. ನಾಲಿಗೆಗೆ ಬಂದೂ ಇತ್ತು. ಆದರೆ ಈ ಹುಡುಗಿ ಹೆದರದೆ ಅವನಿಗೆ ಮೂರು ಸಲ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ನಾನ ಹೇಳಿದೆ ಅಂದೆ, ಸ್ವಲ್ಪ ಬೆಳಕು ಅಂತ.

ಸಹನಾ ನನ್ನ ಪಕ್ಕ ಕುಂತಳು. "ನೀನೂ ಏನಜ್ಜಿ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಸಂದರ್ಶನಕ್ಕೆ ಮೂರು ದಿನ ಇರುವಾಗ ಹುಡುಗಿಯ ಎದೆಯನ್ನೇ ಒಡೆದೆ, ಇನ್ನು ಅವಳು ಅಲ್ಲಿ ಏನು ಮಾತಾಡಿಯಾಳು ಅಂದುಕೊಂಡೆ. ಅವಳು ಎದ್ದು ಫೋನು ತೆಗೆದು ಮೇಲಿನ ನಮ್ಮನ್ನೂ ಕೆಳಗಿನ ನನ್ನನ್ನೂ ಸೇರಿಸಿ ಫೋಟೋ ಹೊಡೆದಳು. ಮತ್ತೆ ಕುಂತು, ಹಂಪಿಯ ಎಳನೀರಿನವನನ್ನು ಕೇಳಿದ ದನಿಯಲ್ಲೇ ಕೇಳತೊಡಗಿದಳು. ಯಾಕೆ ಹೇಳಿದೆ, ಯಾರಿಗೆ ಹೆದರಿದೆ, ತಾತನ ಫೋಟೋ ನೋಡಿದಾಗ ಏನನಿಸುತ್ತದೆ. ನಾಚಿಕೆ ಆಗಬೇಕಿತ್ತು, ಆದರೆ ನಾಲ್ಕು ದಿನದಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಸಂಡೂರಿನ ಎರಡು ಬಸ್ಸು ಹೋಗುವ ತನಕ ಹೇಳಿದೆ. ಅದೇ ಅವಳ ಮೂರನೆಯ ಬರಹವಾಯಿತು. ನಿನ್ನ ಹೆಸರು ಹಾಕಲಾ ಅಂತ ಕೇಳಿದಳು. ಹಾಕು ಅಂದೆ.

ಸಂದರ್ಶನದಲ್ಲಿ, ನಿನ್ನ ಬಗ್ಗೆ ಒಂದೇ ವಾಕ್ಯದಲ್ಲಿ ಹೇಳು ಅಂದರಂತೆ. "ಯಾವ ದೇಶ ಅಂತ ಕೇಳೋರಿಗೆ ನಿಮ್ಮೂರು ಯಾವುದು ಅಂತ ಕೇಳಿ, ಅವರು ಹೇಳಿದ್ದನ್ನ ಬರಿಯಾಕಿ ನಾನು" ಅಂದಳಂತೆ. ತೆಗೆದುಕೊಂಡರು. ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು ಹೋಗಿಬಿಟ್ಟಳು. ಹೋಗುವ ಮೊದಲು ಟ್ರಂಕಿನ ತಳದಿಂದ ತಾತನ ಗಣಿಯ ಗೇಟ್‌ಪಾಸು ಹುಡುಕಿ ತೆಗೆದಳು. ಅದರಲ್ಲಿ ಹೆಬ್ಬೆರಳಿನಷ್ಟು ಫೋಟೋ, ಕಿವಿಯ ಮೇಲೆ ಸೀಲು, ಮುಖ ಮಾತ್ರ ಅವರದೇ. ಈಗ ಅದನ್ನು ಸಾಹುಕಾರರ ಕಟ್ಟಿನ ಮೂಲೆಗೆ ಸಿಕ್ಕಿಸಿದ್ದೇನೆ. ಹೂ ದೊಡ್ಡದಾಗಿ ಇಡಲು ಆಗುವುದಿಲ್ಲ, ಇವರು ಮುಚ್ಚಿಹೋಗುತ್ತಾರೆ. ಆದರೆ ಮಾತಿಗೆ ತೊಂದರೆಯಿಲ್ಲ. ಮೊಮ್ಮಗಳ ಸುದ್ದಿ ಅವರಿಗೆ ಏಳೆಂಟು ಸಲ ಹೇಳಿಯಾಗಿದೆ.

ಹೋದ ವಾರ ಆ ಬರಹ ಪೇಪರಿನಲ್ಲಿ ಬಂತು, ಫ್ಲೆಕ್ಸಿನ ಕೆಳಗೆ ಕುಂತ ನನ್ನ ಫೋಟೋದ ಸಮೇತ. ಫ್ಲೆಕ್ಸಿನವರು ಬೆಳ್ಳಗೆ, ನಾನು ಇದ್ದಷ್ಟೂ ಕಪ್ಪು. ಇಷ್ಟೆಲ್ಲ ಆದ ಮೇಲೂ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ನೋಡಿದ ಕೂಡಲೇ ನನಗೆ ಅನಿಸಿದ್ದು, ಸ್ವಲ್ಪ ಬಿಸಿಲಿಗೆ ತಿರುಗಿ ಕುಂತಿದ್ದರೆ ಚೆನ್ನಾಗಿತ್ತು ಅಂತ.

ಇವತ್ತು ಆ ಪೇಪರು ಮಡಿಚಿಕೊಂಡು ಮತ್ತೆ ಅದೇ ಬೆಂಚಿಗೆ ಬಂದೆ. ನಮ್ಮ ಫ್ಲೆಕ್ಸ್ ಹೋಗಿ ಯಾರದೋ ಹುಟ್ಟುಹಬ್ಬದ್ದು ಬಂದಿತ್ತು, ಸಾಲಿನ ತುಂಬ ತಲೆಗಳು, ಒಂದು ಪಾರಿವಾಳಕ್ಕೂ ಜಾಗ ಇರಲಿಲ್ಲ. ಕಾರ್ಖಾನೆಯ ಹೆಲ್ಮೆಟ್ಟು ಹಿಡಿದ, ಎಲ್ಲಿಂದಲೋ ಹೊಸದಾಗಿ ಬಂದವನೊಬ್ಬ ಪಕ್ಕ ನಿಂತು ನನ್ನನ್ನು ನೋಡಿದ, ಮತ್ತೆ ನೋಡಿದ, "ಅಜ್ಜಿ, ನಿಮ್ದು ಯಾವ ದೇಶ?" ಅಂದ.

ಐವತ್ತು ವರ್ಷ ಈ ಮಾತಿಗೆ ಸಿಟ್ಟು ಮಾಡಿದವಳು ನಾನು. ಇವತ್ತು ಸರಿದು ಜಾಗ ಮಾಡಿ, "ಕುಂದ್ರಪ್ಪ, ಹೇಳ್ತೀನಿ" ಅಂದೆ. ಪೇಪರು ಬಿಚ್ಚಿದೆ. ಸಹನಾ ಹುಟ್ಟಿದ್ದರಿಂದ ಹಿಡಿದು ಅವಳು ಎಳನೀರಿನವನ ಪಕ್ಕ ಕುಂತಲ್ಲಿಗೆ ಬರುವಷ್ಟರಲ್ಲಿ ಅವನ ಬಸ್ಸು ಬಂತು. ಪಾಪ, ಒಳ್ಳೆಯವನು, ಮೆಟ್ಟಿಲು ಹತ್ತಿ ತಿರುಗಿ ನಿಂತು, ದೇಶ ಯಾವುದು ಅಂತ ಹೇಳಲೇ ಇಲ್ಲಲ್ಲ ಅಜ್ಜಿ ಅಂತ ಕೂಗಿದ.

ಬಸ್ಸು ಹೊರಟಿತು. ವಾರ್ಡು ನಂಬರು ಹೇಳಲೂ ಬಿಡಲಿಲ್ಲ. ನನ್ನ ಫೋಟೋ ಮೇಲೆ ಕಾಣುವ ಹಾಗೆ ಪೇಪರು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡೆ. ಸರಿದು ಕುಂತವಳು ಸರಿದೇ ಕುಂತಿದ್ದೇನೆ, ಬೆಂಚಿನ ಅರ್ಧ ಖಾಲಿ ಬಿಟ್ಟು.