ಇಂಗಾಲವೂ ನನ್ನ ಕಾಲೂ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಪಾದ ನನ್ನದಂತೆ. ಹೀಗೆಂದು ತೀರ್ಪು ಕೊಟ್ಟವರು ಹೊರಗಿನವರಲ್ಲ, ನಾನೇ ಹೆತ್ತು, ನಾನೇ ದಿನವೂ ಜಡೆ ಹೆಣೆದು ಶಾಲೆಗೆ ಕಳಿಸುವ ಮಗಳು. ಬಾಯಲ್ಲಿ ಹೇಳಿ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ. ಬಣ್ಣದ ಪೆನ್ಸಿಲಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಟ್ಟಳು.

ಅದು ಶಾಲೆಯಲ್ಲಿ ಕೊಟ್ಟ ಮನೆಗೆಲಸವಂತೆ. ಮನೆಯ ಒಬ್ಬೊಬ್ಬರಿಂದ ಗಾಳಿಗೆ ಎಷ್ಟು ಹೊಗೆ ಸೇರುತ್ತದೆ ಎಂದು ಅಂದಾಜು ಮಾಡಿ, ಅದಕ್ಕೆ ತಕ್ಕ ಅಳತೆಯ ಪಾದ ಬರೆಯಬೇಕು. ಅದರ ಹೆಸರು ಇಂಗಾಲದ ಹೆಜ್ಜೆಗುರುತು.

"ಇಂಗಾಲ ಅಂದ್ರೆ ಯಾವ ಕಾಲೇ, ಎಡಗಾಲಾ ಬಲಗಾಲಾ?" ಎಂದರು ನಮ್ಮತ್ತೆ.

"ಕಾಲಲ್ಲ ಅಜ್ಜಿ, ಹೊಗೆ. ನಿಂದು ಕಮ್ಮಿ, ಅಮ್ಮಂದು ಜಾಸ್ತಿ."

ಅತ್ತೆಯ ಪಾದ ಹೆಬ್ಬೆರಳಿನಷ್ಟಿತ್ತು. ಅವರು ಒಂದೇ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವವರು, ಹಾಲಿನ ಕವರನ್ನೂ ತೊಳೆದು ಒಣಹಾಕಿ ಮಡಿಸಿಡುವವರು. ನಮ್ಮ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಾಸಿಗೆಯಿಂದ ಹೊಲಿಗೆ ಯಂತ್ರಕ್ಕೆ ಹನ್ನೊಂದು ಹೆಜ್ಜೆ. ಅವರದು ಎಳೆಗೂಸಿನ ಪಾದ. ನನ್ನದಕ್ಕೆ ಮಾತ್ರ ಒಂದು ಹಾಳೆ ಸಾಲದೆ ಇನ್ನೊಂದು ಹಾಳೆ ಜೋಡಿಸಿದ್ದಳು. ಹಿಮ್ಮಡಿ ಒಂದರಲ್ಲಿ, ಬೆರಳುಗಳು ಇನ್ನೊಂದರಲ್ಲಿ.

ನಾನು ಮಾಡಿದ ಘನಘೋರ ಅಪರಾಧವಾದರೂ ಏನು? ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದೇನೆ. ಮೈದಾನದಲ್ಲಿ ದಿನಕ್ಕೆ ಏಳು ಗಂಟೆ ಗಾಣದೆತ್ತಿನ ಹಾಗೆ ಸುತ್ತುತ್ತೇನೆ.

"ಕಾರು ಓಡಿಸೋದು ನಾನಲ್ಲ, ಕಲಿಯೋಕೆ ಬಂದವರು," ಎಂದೆ. "ನಾನು ಪಕ್ಕದಲ್ಲಿ ಪ್ರಾಣ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ, ಅಷ್ಟೇ."

"ಕೂತವರ ಹೊಗೇನೂ ಲೆಕ್ಕಕ್ಕೆ ಬರುತ್ತಂತೆ," ಎಂದರು ಯಜಮಾನರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. (ನಾನು ತರಕಾರಿ ತನ್ನಿ ಎಂದಾಗ ಅದೇ ಗುಂಡುಸೂಜಿಯ ನೆಪದಲ್ಲಿ ಮಾತೇ ಹೊರಡುವುದಿಲ್ಲ.)

ನನ್ನ ಮೈಯೆಲ್ಲ ಉರಿದುಹೋಯಿತು. ಸರಿ, ಈ ಮನೆಯಲ್ಲಿ ಪರಿಸರ ಹೇಗೆ ಉಳಿಸುತ್ತಾರೆ ತೋರಿಸುತ್ತೇನೆ ಎಂದು ಸೆರಗು ಬಿಗಿದು ನಿಂತೆ. ಫ್ಯಾನ್ ಆರಿಸಿದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆ. ಹಗಲಲ್ಲಿ ದೀಪವೇಕೆಂದು ಅಂಗಡಿಯ ಟ್ಯೂಬ್‌ಲೈಟ್ ಆರಿಸಿದೆ. ಆ ಗಳಿಗೆಯಲ್ಲಿ ಯಜಮಾನರ ಕತ್ತರಿ ಪಕ್ಕದ ಬೀದಿಯ ಬೇಕರಿಯವರ ಪ್ಯಾಂಟಿನ ಮೇಲಿತ್ತು. ಒಂದು ಕಾಲು ನಾಲ್ಕು ಬೆರಳು ಗಿಡ್ಡವಾಯಿತು.

"ಬಟ್ಟೆನೂ ಉಳೀತಲ್ಲ," ಎಂದೆ. ಆ ದಿನ ಅವರು ನನ್ನೊಡನೆ ಮಾತಾಡಲಿಲ್ಲ. (ಶಬ್ದಮಾಲಿನ್ಯವೂ ಕಡಿಮೆಯಾಯಿತು.)

ಇಷ್ಟೆಲ್ಲ ಮಾಡಿದರೂ ಫ್ರಿಜ್ಜಿನ ಮೇಲಿನ ಪಾದ ಒಂದು ಎಳೆಯಷ್ಟೂ ಕುಗ್ಗಲಿಲ್ಲ.

"ಅಮ್ಮ, ಸ್ಕೂಲ್ ಕಾರನ್ನ ಮನೆಗೆ ತರ್ತೀಯ, ಊಟಕ್ಕೆ ಮತ್ತೆ ಅದರಲ್ಲೇ ಬರ್ತೀಯ. ದಿನಕ್ಕೆ ನಾಲ್ಕು ಸಲ," ಎಂದಳು ಮಗಳು. "ಅಪ್ಪನ ಸೈಕಲ್ ಹಿತ್ತಲಲ್ಲಿ ಸುಮ್ನೆ ನಿಂತಿದೆ. ಅದರಲ್ಲಿ ಹೋಗು."

"ನಿಮ್ಮಮ್ಮನ ಕೈಲಿ ಆಗಲ್ಲ ಬಿಡು," ಎಂದರು ಇವರು.

"ನಾಳೆಯಿಂದ ಸೈಕಲ್ಲೇ," ಎಂದುಬಿಟ್ಟೆ.

ಇಲ್ಲೊಂದು ಸಣ್ಣ ತೊಡಕಿತ್ತು. ನನಗೆ ಸೈಕಲ್ ಬರುತ್ತಿರಲಿಲ್ಲ. ಊರಿಗೆಲ್ಲ ಕಾರು ಕಲಿಸುವವಳನ್ನು ಸೈಕಲ್ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳದ್ದನ್ನು ನಾನಾಗಿ ಹೇಳುವ ಜಾತಿಯವಳಲ್ಲ ನಾನು.

ಮರುದಿನ ಬೆಳಿಗ್ಗೆ ಮೂವರೂ ಬಾಗಿಲಲ್ಲಿ ನಿಂತರು. "ಮನೆ ಮುಂದೆ ಸೈಕಲ್ ಹತ್ತಬಾರದು, ತಿರುವು ದಾಟಿದ ಮೇಲೆ ಹತ್ತಬೇಕು, ಅದು ಸಂಚಾರ ನಿಯಮ," ಎಂದು ಘೋಷಿಸಿ ತಳ್ಳಿಕೊಂಡು ಹೊರಟೆ. (ಮನೆಯಲ್ಲಿ ಸಂಚಾರ ನಿಯಮಗಳೆಲ್ಲ ನನ್ನ ಬಾಯಿಂದಲೇ ಬರುವುದರಿಂದ ಯಾರೂ ತಕರಾರು ಮಾಡಲಿಲ್ಲ.) ತಿರುವು ದಾಟಿದ ಮೇಲೂ ತಳ್ಳಿದೆ. ಮೈದಾನದವರೆಗೂ ತಳ್ಳಿದೆ. ಮಧ್ಯಾಹ್ನ ತಳ್ಳಿಕೊಂಡು ಬಂದು ಉಂಡು, ಮತ್ತೆ ತಳ್ಳಿಕೊಂಡು ಹೋದೆ. ಪೆಡಲ್ ಬಡಿದು ಬಡಿದು ಮೀನಖಂಡ ನೀಲಿಗಟ್ಟಿತು. ಬರಿಗೈಯಲ್ಲಿ ನಡೆದಿದ್ದರೆ ಅರ್ಧ ಹೊತ್ತಿನಲ್ಲಿ ತಲುಪುತ್ತಿದ್ದೆ. ಆದರೂ ಕೇಳುತ್ತೇನೆ, ತುಳಿದರೇನು, ತಳ್ಳಿದರೇನು, ಹೊಗೆಯಂತೂ ಬರಲಿಲ್ಲವಲ್ಲ?

ಐದು ದಿನ ಹೀಗೆ ನಡೆಯಿತು. ಮಗಳು ಸಂಜೆ ಸಂಜೆ ನನ್ನ ಪಾದ ಅಳಿಸಿ ಚಿಕ್ಕದು ಮಾಡಿದಳು. ನಾನು ಸಂಕೋಚವಿಲ್ಲದೆ ಹೆಮ್ಮೆಪಟ್ಟೆ.

ಆರನೆಯ ದಿನ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅಂಚೆಯಣ್ಣ ಬಂದರು. ಇಪ್ಪತ್ತೈದು ವರ್ಷ ಸೈಕಲ್ ಮೇಲೆ ಕಾಗದ ಹಂಚಿದ ಮನುಷ್ಯ. ಕಾರು ಕಲಿತವರಿಗೆ ಆಫೀಸಿನವರು ವ್ಯಾನು ಕೊಡುತ್ತಾರೆಂದು ನನ್ನ ಬಳಿ ಕಲಿಯುತ್ತಿದ್ದರು. ಸ್ಟಿಯರಿಂಗ್ ಹಿಡಿದರೆ ನಡುಗುತ್ತಿದ್ದರು, ನಾನು ಗದರಿದರೆ ಇನ್ನಷ್ಟು ನಡುಗುತ್ತಿದ್ದರು. ಅಂದು ಅವರ ಕೈಯಲ್ಲಿ ಕಾಗದದ ಜೊತೆಗೆ ಗಾಳಿ ಪಂಪೂ ಇತ್ತು.

"ಸಾರ್, ಮೇಡಂ ಸೈಕಲ್ ಸ್ವಲ್ಪ ನೋಡ್ಲಾ?" ಎಂದರು ಯಜಮಾನರಿಗೆ. "ದಿನಾ ನಾಲ್ಕು ಸಲಾನೂ ಪಂಕ್ಚರ್ ಆಗುತ್ತೆ, ಪಾಪ. ಒಂದಿನಾನೂ ಹತ್ತಿದ್ದು ನಾ ನೋಡಿಲ್ಲ, ತಳ್ಕೊಂಡೇ ಬರ್ತಾರೆ."

ಮಗಳು ನನ್ನನ್ನೂ ಫ್ರಿಜ್ಜನ್ನೂ ನೋಡಿದಳು.

"ಅಂದ್ರೆ, ನಿನಗೆ ಸೈಕಲ್ ಬರಲ್ವೇನೇ?" ಎಂದರು ಅತ್ತೆ.

"ಯಾಕೆ ಬರಲ್ಲ? ನಾನು ತಳ್ಳಿದ ಕಡೆಗೆಲ್ಲ ಬರುತ್ತೆ," ಎಂದೆ.

ಯಜಮಾನರು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ಅಂಚೆಯಣ್ಣ ಮಾತ್ರ ನಗಲಿಲ್ಲ. "ಅದಕ್ಕೇನಂತೆ, ಭಾನುವಾರ ನಾನೇ ಕಲಿಸ್ತೀನಿ ಮೇಡಂ," ಎಂದರು. ಆ ಸೌಜನ್ಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಭಾನುವಾರ ಮೈದಾನದ ಅಂಚಿನಲ್ಲಿ ನನ್ನ ಶಿಷ್ಯಕೋಟಿ ಸಾಲಾಗಿ ನಿಂತಿತ್ತು. ಅಂಚೆಯಣ್ಣ ಸೀಟಿನ ಹಿಂದೆ ಹಿಡಿದು ಓಡಿದರು. "ಹೆದರ್ಬೇಡಿ ಮೇಡಂ, ಹಿಡ್ಕೊಂಡಿದೀನಿ," ಎಂಬ ದನಿ ದೂರವಾಗುತ್ತಾ ಹೋಯಿತು. ಹದಿನೆಂಟು ವರ್ಷದ ಅಭ್ಯಾಸ, ಬ್ರೇಕ್ ಹುಡುಕಿದ್ದು ಕಾಲಿನಲ್ಲಿ. ಗಾಳಿಯನ್ನು ಬಲವಾಗಿ ತುಳಿದು, ರಿವರ್ಸ್ ಪರೀಕ್ಷೆಗೆ ನೆಟ್ಟಿದ್ದ ಕೋಲುಗಳನ್ನೆಲ್ಲ ಉರುಳಿಸಿ ಮಲಗಿದೆ. ಶಿಷ್ಯಕೋಟಿ ಚಪ್ಪಾಳೆ ತಟ್ಟಿತು.

ಆದರೂ ಬಿಡಲಿಲ್ಲ. ಬೆಳಿಗ್ಗೆ ಅವರು ನನಗೆ ಸೈಕಲ್, ಸಂಜೆ ನಾನು ಅವರಿಗೆ ಕಾರು. ಬಿದ್ದರೂ ಅವರು ಗದರುತ್ತಿರಲಿಲ್ಲವಾದ್ದರಿಂದ ನನಗೂ ಗದರಲು ಬಾಯಿ ಬರಲಿಲ್ಲ. ನಾನು ಗದರದಿದ್ದ ಮೇಲೆ ಅವರ ನಡುಕ ನಿಂತಿತು. ಮೂರು ವಾರದಲ್ಲಿ ಅವರು ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು, ನಾನು ಗಂಟೆ ಬಾರಿಸಿಕೊಂಡು ಬೀದಿಗಿಳಿದೆ.

ಅದರ ಮುಂದಿನ ಸೋಮವಾರ ನಿಜವಾಗಿ ತುಳಿಯುತ್ತಾ ಹೋಗುತ್ತಿದ್ದೆ. ಹಿಂದಿನಿಂದ ಹಾರ್ನ್ ಕೇಳಿಸಿತು. ವ್ಯಾನಿನ ಕಿಟಕಿಯಿಂದ ಅಂಚೆಯಣ್ಣ ತಲೆ ಹೊರಹಾಕಿದರು.

"ಮೇಡಂ, ನಿಮ್ಮ ದಯೆಯಿಂದ ಸೈಕಲ್ ತುಳಿಯೋ ಕಷ್ಟ ತಪ್ತು. ನನ್ನ ನೋಡಿ ಆಫೀಸಲ್ಲಿ ಇನ್ನೂ ಐದು ಜನ ಕಲೀತೀವಿ ಅಂತಿದಾರೆ. ಎಲ್ರಿಗೂ ನಿಮ್ಮ ಮನೆ ತೋರಿಸಿದೀನಿ."

ಇಷ್ಟು ಹೇಳಿ ನನ್ನ ಮುಖದ ತುಂಬ ಹೊಗೆ ಬಿಟ್ಟು ಮುಂದೆ ಹೋದರು.

ಸಂಜೆ ಕೆಮ್ಮುತ್ತಾ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತೆ ಹಾಲಿನ ಕವರು ಒಣಹಾಕುತ್ತಾ ಕೇಳಿಸಿಕೊಂಡರು.

"ಹಂಗಾದ್ರೆ ಸೈಕಲ್ ಹತ್ತಿದ್ದು ನೀನೊಬ್ಳು. ನೀನು ಇಳಿಸೋದು ಆರು ಜನರನ್ನ," ಎಂದರು.

ತಕ್ಕ ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಗಂಟೆಗಳ ಸದ್ದಾಯಿತು. ಖಾಕಿ ತೊಟ್ಟ ಐವರು ತಮ್ಮ ಐದು ಸೈಕಲ್ಲುಗಳನ್ನು ಸಾಲಾಗಿ ನಮ್ಮ ಗೋಡೆಗೆ ಒರಗಿಸಿ, ಕ್ಲಾಸು ಯಾವಾಗಿನಿಂದ ಮೇಡಂ ಎಂದು ಕೇಳುತ್ತಿದ್ದರು.