ರೈಲು ಹತ್ತದವನ ಟಿಕೆಟ್ ಕೌಂಟರ್

ರೈಲಿಲ್ಲದ ಊರಲ್ಲಿ ಕೂತು ರೈಲು ಟಿಕೆಟ್ ಮಾರುವವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಆಗದೆ ಇದ್ದರೇ ಆಶ್ಚರ್ಯ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೌದಿಯ ಖಮೀಸ್ ಮುಶೈತ್‌ನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿದ್ದೆ. ದಕ್ಷಿಣದ ಬೆಟ್ಟದ ಮೇಲಿನ ಊರು. ಕಾರಿಲ್ಲದವನು ಅಲ್ಲಿ ಕಾಲಿಲ್ಲದವನು. ರೈಲು ನೋಡಬೇಕೆಂದರೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ದೂರದ ರಿಯಾದ್‌ಗೆ ಹೋಗಬೇಕು.

ಕೌಂಟರ್ ಸಿಕ್ಕಿದ್ದು

ಮೊದಲು ನಾನಿದ್ದದ್ದು ಅದೇ ಮಾಲೀಕರ ಕಾರ್ಗೋ ಗೋಡೌನಿನಲ್ಲಿ. ಊರಿಗೆ ಹೋಗುವವರ ಕಂಬಳಿ, ಟೇಪ್‌ರೆಕಾರ್ಡರ್, ಹಾಲಿನ ಪುಡಿ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿಯುವ ಕೆಲಸ. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರುವುದಕ್ಕೆ ಕೊಡುವ ಪರವಾನಗಿ ಪುಸ್ತಕ, ಅದರಲ್ಲಿ ಉದ್ಯೋಗ ‘ಕೂಲಿ’ ಎಂದಿತ್ತು. ಕೂಲಿಯವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಇಲ್ಲ. ಭಟ್ಕಳದಲ್ಲಿದ್ದ ಮಗಳನ್ನು ನಾನು ನೋಡಿದ್ದು ಒಂದೇ ರಜೆಯಲ್ಲಿ. ಆಗ ಅವಳು ನನ್ನನ್ನು ಕಂಡರೆ ಅಳುತ್ತಿದ್ದಳು.

ಒಂದು ದಿನ ಮಾಲೀಕರು ಗೋಡೌನಿಗೆ ಬಂದರು. ನನ್ನ ಕಫೀಲರೂ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡವರೂ, ಅವರೇ.

“ಬೇಸಿಗೆಯಲ್ಲಿ ನಮ್ಮ ಗಿರಾಕಿಗಳೆಲ್ಲ ಯುರೋಪಿಗೆ ಹೋಗ್ತಾರೆ. ಅಲ್ಲಿನ ರೈಲು ಟಿಕೆಟನ್ನೂ ನಾವೇ ಮಾಡೋಣ. ನೀನು ಇಂಡಿಯಾದವನು. ಇಂಡಿಯಾದವರಿಗೆಲ್ಲ ರೈಲು ಗೊತ್ತಿರುತ್ತೆ ಅಲ್ವಾ?”

“ಚೆನ್ನಾಗಿ ಗೊತ್ತು,” ಅಂದೆ.

“ಸರಿ. ಕೆಲಸ ಚೆನ್ನಾಗಿ ನಡೆದರೆ ಇಕಾಮಾದಲ್ಲಿ ಗುಮಾಸ್ತ ಅಂತ ಬದಲಾಯಿಸ್ತೇನೆ, ಹೆಂಡತಿಯನ್ನು ಕರೆಸಿಕೋ. ತಪ್ಪಾಯ್ತೋ, ನಿನ್ನ ಹಗ್ಗ ಇಲ್ಲೇ ಇದೆ.”

ರೂಮಿಗೆ ಬಂದು ಹೇಳಿದಾಗ, ಗೋಡೌನಿನಲ್ಲೂ ನನ್ನ ಜೊತೆಗಿದ್ದ ಕುಂದಾಪುರದವನು ಬಿದ್ದು ಬಿದ್ದು ನಕ್ಕ. “ಎಂತ ಮಾರಾಯ! ನಮ್ಮ ಬದಿಗೆ ರೈಲೇ ಬರ್ಲಿಲ್ಲ. ನೀನು ಬೊಂಬಾಯಿಗೆ ಬಸ್ಸಲ್ಲಿ ಹೋದವ, ಅಲ್ಲಿಂದ ವಿಮಾನ ಹತ್ತಿದವ. ರೈಲು ಹತ್ತಿದ್ದು ಯಾವಾಗ?”

ಹತ್ತಿರಲಿಲ್ಲ. ಬೊಂಬಾಯಿಯಲ್ಲಿ ಒಂದು ಸೇತುವೆಯ ಮೇಲೆ ನಿಂತು ನೋಡಿದ್ದೆ, ಅಷ್ಟೆ. ಹಾಗಾಗಿ ರೈಲಿನ ಚಾವಣಿ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಖಾಲಿ ಸೀಟಿನ ಲೆಕ್ಕ

ಯುರೋಪಿನ ರೈಲುಗಳ ದಪ್ಪ ಟೈಮ್‌ಟೇಬಲ್ ಒಂದು ಬಂತು. ಪರೀಕ್ಷೆಗೆ ಓದುವಂತೆ ಓದಿದೆ. ತಿಂಗಳಾಗುವಷ್ಟರಲ್ಲಿ ಗಿರಾಕಿಗಳಿಗೆ ಪಾಠ ಹೇಳುತ್ತಿದ್ದೆ: “ಬೋಗಿಯ ನಂಬರು ನೋಡಿಯೇ ಕೂರಿ. ಕೆಲವು ರೈಲು ದಾರಿಯಲ್ಲಿ ಎರಡು ಭಾಗವಾಗ್ತದೆ. ಅರ್ಧ ಒಂದು ದೇಶಕ್ಕೆ, ಅರ್ಧ ಇನ್ನೊಂದಕ್ಕೆ. ಟೀ ಕುಡಿಯಲು ಬೇರೆ ಬೋಗಿಗೆ ಹೋದವರು ಬೇರೆ ದೇಶಕ್ಕೇ ಹೋದದ್ದುಂಟು.” ಮಾಲೀಕರು ಗಾಜಿನ ಆಚೆ ಕೂತು ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು.

ಒಬ್ಬ ಸೌದಿ ಗಿರಾಕಿ ಬಂದ. ತಾಯಿ, ಹೆಂಡತಿ, ಮಗಳು ಮತ್ತು ತಾನು, ಒಟ್ಟು ನಾಲ್ವರು. ಆದರೆ ಆರು ಸೀಟಿನ ಇಡೀ ಕೋಣೆ ಬೇಕು. ಹೆಂಗಸರ ಎದುರಿಗೆ ಪರಗಂಡಸು ಕೂರಬಾರದು. ಆರು ಟಿಕೆಟ್ ಮಾಡಿಕೊಟ್ಟೆ.

ತಿರುಗಿ ಬಂದವನನ್ನು, “ಖಾಲಿ ಸೀಟಿಗೆ ಯಾರೂ ಬರಲಿಲ್ಲ ತಾನೆ?” ಎಂದು ಕೇಳಿದೆ.

“ಬಂದರು. ಹೊರಗೆ ಒಬ್ಬ ಮುದುಕ, ಮುದುಕಿ ನಿಂತಿದ್ದರು. ಜನ ನಿಂತಿರುವಾಗ ನೀನು ಕೂತಿದ್ದೀಯಲ್ಲ, ನಿನ್ನನ್ನು ಹೀಗೆ ಬೆಳೆಸಿದೆನೇ ಅಂತ ತಾಯಿ ಬೈದರು. ಒಳಗೆ ಕರೆದು ಕಹ್ವಾ ಕಾಫಿ, ಖರ್ಜೂರ ಕೊಟ್ಟೆವು. ಬಹಳ ಒಳ್ಳೆಯ ಜನ. ಮುಂದಿನ ವರ್ಷ ಅವರೂ ನಮ್ಮ ಜೊತೆ ಬರ್ತಾರೆ. ಎಂಟು ಸೀಟು ಮಾಡು.”

“ಆರೇ ಸಾಕಲ್ಲ?”

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. “ನಾವು ನಾಲ್ವರು, ಅವರಿಬ್ಬರು. ಖಾಲಿ ಇಡಲು ಎರಡು ಬೇಡವಾ?”

ಫಸ್ಟ್ ಕ್ಲಾಸ್

ಊರಿನ ಆಸ್ಪತ್ರೆಯಲ್ಲಿ ಮೈಸೂರಿನ ಡಾಕ್ಟರರೊಬ್ಬರಿದ್ದರು. ಅವರೂ ಪಕ್ಕದ ಮನೆಯ ಎಂಜಿನಿಯರ್ ಕುಟುಂಬವೂ ಒಟ್ಟಿಗೆ ಹೊರಟಿದ್ದರು, ಎಲ್ಲ ಸೆಕೆಂಡ್ ಕ್ಲಾಸ್. ಹೊರಡಲು ವಾರವಿರುವಾಗ ಡಾಕ್ಟರರ ಹೆಂಡತಿ ಗಂಡನನ್ನು ಕರೆದುಕೊಂಡು ಬಂದು, “ನಮ್ಮಿಬ್ಬರದ್ದು ಮಾತ್ರ ಫಸ್ಟ್ ಕ್ಲಾಸಿಗೆ ಅಪ್‌ಗ್ರೇಡ್ ಮಾಡಿಕೊಡಿ,” ಅಂದರು.

“ಅದು ಬೇಗ ತಲುಪುತ್ತೇನ್ರೀ?” ಎಂದು ಡಾಕ್ಟರರು ಕೇಳಿದರು.

“ಇಲ್ಲ ಸಾರ್. ಅದೇ ರೈಲು.”

“ಮತ್ತೆ ಯಾಕೆ?”

“ನೀವು ಸುಮ್ಮನಿರಿ ಅಂದ್ರೆ,” ಎಂದರು ಆಕೆ. ಡಾಕ್ಟರರು ಪರ್ಸ್ ತೆಗೆದರು.

ಮುಂದಿನ ಕಥೆ ಹೇಳಿದವರೂ ಡಾಕ್ಟರರೇ. ಫಸ್ಟ್ ಕ್ಲಾಸಿನಲ್ಲಿ ಎಲ್ಲರೂ ಪೇಪರ್ ಹಿಡಿದು ಕೂತಿದ್ದರು, ಒಬ್ಬರೂ ಮಾತಾಡಲಿಲ್ಲ. ಚಿತ್ರಾನ್ನದ ಡಬ್ಬ ತೆಗೆದರೆ ಎಲ್ಲ ತಿರುಗಿ ನೋಡಿದರು. ಸೆಕೆಂಡ್ ಕ್ಲಾಸಿನಲ್ಲಿ ಎಂಜಿನಿಯರ್ ಮನೆಯವರು ಇಸ್ಪೀಟು ಹಾಕಿಕೊಂಡು ಗಲಗಲ ಎನ್ನುತ್ತಿದ್ದರು. ಡಾಕ್ಟರ್ ದಂಪತಿ ಎರಡು ಫೋಟೋ ತೆಗೆಸಿಕೊಂಡು ಅಲ್ಲಿಗೇ ಎದ್ದು ಹೋದರು. ಆದರೆ ಅಲ್ಲಿ ಸೀಟಿಲ್ಲ. ಐದು ಗಂಟೆ ಸೂಟ್‌ಕೇಸಿನ ಮೇಲೆ ಕೂತು ಬಂದರು.

ಮರುವರ್ಷ ಆಕೆ ಬಂದು ಬಹಳ ಗಂಭೀರವಾಗಿ ಕೇಳಿದರು: “ಫಸ್ಟ್ ಕ್ಲಾಸಿಂದ ಸೆಕೆಂಡ್ ಕ್ಲಾಸಿಗೆ ಅಪ್‌ಗ್ರೇಡ್ ಮಾಡಿಸೋಕೆ ಎಷ್ಟಾಗುತ್ತೆ?”

ಜೂನ್ ಒಂದು

ಅದೇ ಆಸ್ಪತ್ರೆಯ ನಮ್ಮ ಕನ್ನಡದವರು ಐದು ಜನ ರೈಲು ಪಾಸಿಗೆ ಅರ್ಜಿ ಕೊಟ್ಟರು. ಪಾಸ್‌ಪೋರ್ಟ್ ನೋಡಿ ಹೆಸರು, ಜನ್ಮದಿನಾಂಕ ಫ್ಯಾಕ್ಸ್ ಮಾಡಿದೆ. ಯುರೋಪಿನ ಆಫೀಸಿನಿಂದ ಉತ್ತರ ಬಂತು: ‘ನಾಲ್ವರಿಗೆ ಜೂನ್ ಒಂದು ಎಂದು ಬರೆದಿದ್ದೀರಿ. ತಪ್ಪು ಸರಿಪಡಿಸಿ.’

ದುರದೃಷ್ಟಕ್ಕೆ ಅದು ಮೊದಲು ಮಾಲೀಕರ ಕೈಗೆ ಸಿಕ್ಕಿತು. “ಇದೇನು?” ಎಂದರು. ನನ್ನ ಕಣ್ಣಿಗೆ ಗೋಡೌನಿನ ಹಗ್ಗ ಕಂಡಿತು. ಪಾಸ್‌ಪೋರ್ಟುಗಳನ್ನು ಸಾಲಾಗಿ ತೆರೆದಿಟ್ಟು ವಿವರಿಸಿದೆ: ನಮ್ಮಲ್ಲಿ ಮನೆಯವರಿಗೆ ಹುಟ್ಟಿದ ದಿನ ನೆನಪಿರುವುದಿಲ್ಲ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಮಾಲೀಕರು ನಂಬಿದರು. ಯುರೋಪಿನವರು ನಂಬಲಿಲ್ಲ. ಟಿಕೆಟ್ ಬರೆಯುವ ಏಜೆಂಟನ ವಿವರವನ್ನೂ ಕಳಿಸಿ ಎಂದರು. ಕಳಿಸಿದೆ. ನನ್ನದೂ ಜೂನ್ ಒಂದು.

ಎರಡು ದಿನ ಬಿಟ್ಟು ಅಲ್ಲಿಂದ ಪಾಸು ಬಂತು. ಮುಂದಿನ ಜೂನ್ ಒಂದಕ್ಕೆ ಒಂದು ಫ್ಯಾಕ್ಸೂ ಬಂತು: ‘ಇಡೀ ಭಾರತಕ್ಕೆ ಹುಟ್ಟುಹಬ್ಬದ ಶುಭಾಶಯಗಳು.’

ನಿಜವಾದ ರೈಲು

ಎರಡು ಬೇಸಿಗೆ ಕಳೆಯಿತು. ಇಕಾಮಾದಲ್ಲಿ ನಾನಿನ್ನೂ ಕೂಲಿಯೇ. ಹೆಂಡತಿ ಪತ್ರದಲ್ಲಿ ವೀಸಾ ವಿಷಯ ಕೇಳುವುದನ್ನೇ ಬಿಟ್ಟಿದ್ದಳು. ಕೇಳುತ್ತಿದ್ದುದಕ್ಕಿಂತ ಅದೇ ಹೆಚ್ಚು ನೋಯಿಸುತ್ತಿತ್ತು.

ಆಗ ದಮ್ಮಾಮ್‌ನಲ್ಲಿ ಏಜೆಂಟರ ಸಭೆ ಎಂದಾಯಿತು. ಮಾಲೀಕರು, “ರಿಯಾದ್‌ವರೆಗೆ ವಿಮಾನ. ಅಲ್ಲಿಂದ ನಾವು ರೈಲಿನವರು, ರೈಲಿನಲ್ಲೇ ಹೋಗೋಣ. ಬಂದ ಮೇಲೆ ನಿನ್ನ ಇಕಾಮಾ ನೋಡೋಣ,” ಅಂದರು. ಕುಂದಾಪುರದವನು, “ಸಿಕ್ಕಿಬಿದ್ದೆ ಮಾರಾಯ,” ಎಂದು ಗೋಡೌನಿನಲ್ಲಿದ್ದ ನನ್ನ ಹಳೆಯ ಹಗ್ಗದ ಉಂಡೆಯನ್ನು ಒರೆಸಿಟ್ಟ.

ರಿಯಾದ್ ನಿಲ್ದಾಣದಲ್ಲಿ ಸಿಬ್ಬಂದಿಯೊಬ್ಬನನ್ನು, “ಇದು ದಮ್ಮಾಮ್ ರೈಲೇ?” ಎಂದು ಕೇಳಿದೆ. “ಇನ್ನೆಲ್ಲಿಗೆ ಹೋಗ್ಬೇಕು ಅಂತಿದ್ದೀಯ?” ಎಂದು ಅವನು ನಕ್ಕ. ಅಲ್ಲಿಂದ ಹೋಗುವುದು ಅದೊಂದೇ ಕಡೆಗೆ. ಮಾಲೀಕರೂ ಅದನ್ನು ಕೇಳಿಸಿಕೊಂಡರು.

ಒಳಗೆ ಹೋದಾಗ, “ರೈಲು ಯಾವ ಕಡೆ ಹೋಗುತ್ತೆ? ಆ ಕಡೆಗೆ ಮುಖ ಮಾಡಿ ಕೂರ್ತೇನೆ,” ಎಂದರು. ನಾನು ಧೈರ್ಯವಾಗಿ ಒಂದು ಕಡೆ ಕೈ ತೋರಿಸಿದೆ. ರೈಲು ಹೊರಟಿತು, ಇನ್ನೊಂದು ಕಡೆಗೆ. ಕಿಟಕಿಯಿಂದ ಇಣುಕಿದರೆ, ನಾನು ತೋರಿಸಿದ ದಿಕ್ಕಿನಲ್ಲಿ ಹಳಿಯೇ ಮುಗಿದಿತ್ತು.

ಎರಡು ಗಂಟೆ ಮರಳು ನೋಡಿದೆವು. ಟೀ ತರೋಣವೇ ಎಂದರೆ ಮಾಲೀಕರು ನನ್ನ ತೋಳು ಹಿಡಿದು ಕೂರಿಸಿದರು. “ಬೇಡ. ರೈಲು ಎರಡು ಭಾಗವಾದರೆ?”

“ಇದು ಆಗೋದಿಲ್ಲ.”

“ನಿನಗೆ ಹೇಗೆ ಗೊತ್ತು? ನಿಜ ಹೇಳು. ಇದುವರೆಗೆ ಎಷ್ಟು ಸಲ ರೈಲು ಹತ್ತಿದ್ದೀಯ?”

ಹೆಂಡತಿ, ಮಗಳು, ವೀಸಾ ಎಲ್ಲ ಕಿಟಕಿಯ ಹೊರಗೆ ಹೋದ ಹಾಗಾಯಿತು. ಆದರೂ ಅಷ್ಟು ನೇರವಾಗಿ ಕೇಳಿದವರಿಗೆ ಸುಳ್ಳು ಹೇಳಲಾಗಲಿಲ್ಲ.

“ಇವತ್ತಿನದೂ ಸೇರಿಸಿಯೇ?”

“ಸೇರಿಸಿ.”

“ಒಂದು ಸಲ.”

ಮಾಲೀಕರು ಹಿಂದೆ ಮುಂದೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

“ಯಾರಿಗೂ ಹೇಳಬೇಡ. ವಾಪಸ್ ಹೋದ ಕೂಡಲೇ ಇಕಾಮಾ ಕೊಡು, ಗುಮಾಸ್ತ ಅಂತ ಮಾಡಿಸ್ತೇನೆ. ನೀನು ಇಂಡಿಯಾದಲ್ಲಿ ಹತ್ತು ವರ್ಷ ರೈಲು ಓಡಿಸಿದವನು ಅಂತ ನಾನು ಇಡೀ ಊರಿಗೆ ಹೇಳಿಬಿಟ್ಟಿದ್ದೇನೆ. ಈಗ ನಿನ್ನನ್ನು ಗೋಡೌನಿಗೆ ಕಳಿಸಿದರೆ ಸುಳ್ಳ ಅಂತ ಜನ ಉಗಿಯೋದು ನಿನಗಲ್ಲ, ನನಗೆ!”